ಕಾರ್ಡಿದೆ, ಮಾತ್ರೆಯಿಲ್ಲ

ಅರಸೀಕೆರೆ ಕಡೆಯ ನಮ್ಮೂರಿನ ಮನೆಯಲ್ಲಿ, ಬೀರುವಿನ ಮೇಲಿನ ಅರೆಯಲ್ಲಿ, ಸೀರೆ ಅಂಗಡಿಯವರು ಕೊಟ್ಟ ಒಂದು ಪ್ಲಾಸ್ಟಿಕ್ ಕವರ್ ಇದೆ. ಅಮ್ಮ ಅದಕ್ಕೆ ‘ಆಸ್ಪತ್ರೆ ಕವರ್’ ಅಂತಲೇ ಹೆಸರಿಟ್ಟಿದ್ದಾಳೆ. ಅದರೊಳಗೆ ರೇಷನ್ ಕಾರ್ಡು, ಆಧಾರ್ ಜೆರಾಕ್ಸುಗಳು, ಸೊಸೈಟಿಯಿಂದ ಮಾಡಿಸಿದ ಹಳೇ ಯಶಸ್ವಿನಿ ಕಾರ್ಡು, ಗ್ರಾಮ ಒನ್‌ನಲ್ಲಿ ಪ್ರಿಂಟ್ ತೆಗೆಸಿ ಲ್ಯಾಮಿನೇಷನ್ ಮಾಡಿಸಿದ ಆಯುಷ್ಮಾನ್ ಕಾರ್ಡು, ನನ್ನ ಹಳೇ ಕಂಪನಿಯ ಇನ್ಶೂರೆನ್ಸ್ ಹಾಳೆ ಎಲ್ಲವೂ ಇವೆ. ರಾತ್ರಿ ಹೊತ್ತು ಯಾರಿಗಾದರೂ ಎದೆನೋವು ಬಂದರೆ ಮೊದಲು ನೀರಲ್ಲ, ಈ ಕವರ್ ಹುಡುಕಬೇಕು ಅನ್ನುವುದು ನಮ್ಮ ಮನೆಯ ನಿಯಮ.

ಎರಡು ಮನೆ ಆಚೆಗಿರುವ ಚಿಕ್ಕಪ್ಪನ ಮನೆಯಲ್ಲೂ ಇಂಥದ್ದೇ ಒಂದು ಕವರ್ ಇತ್ತು. ಕಾರ್ಡುಗಳೂ ಹೆಚ್ಚುಕಡಿಮೆ ಅವೇ. ನನ್ನ ಕಂಪನಿಯ ಹಾಳೆ ಒಂದು ಮಾತ್ರ ಇರಲಿಲ್ಲ.

ಅಪ್ಪ ಮತ್ತು ಚಿಕ್ಕಪ್ಪ ಒಂದೇ ತಾಯಿಯ ಮಕ್ಕಳು. ಇಬ್ಬರಿಗೂ ಬಿಪಿ. ಇಬ್ಬರಿಗೂ ಅದು ಗೊತ್ತಾಗಿದ್ದು ಒಂದೇ ದಿನ, ಊರಿನ ಶಾಲೆಯಲ್ಲಿ ನಡೆದ ಉಚಿತ ತಪಾಸಣೆ ಶಿಬಿರದಲ್ಲಿ. ಅಪ್ಪನಿಗೆ ನಾನು ಬೆಂಗಳೂರಿನಿಂದ ಮೂರು ತಿಂಗಳಿಗೊಮ್ಮೆ ಮಾತ್ರೆ ತಂದುಕೊಡುತ್ತಿದ್ದೆ. ಮುಂದೆ ಅವನಿಗೆ ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇದೆ ಅಂತ ಗೊತ್ತಾದಾಗ ಬೆಂಗಳೂರಿಗೆ ಕರೆತಂದು ಸ್ಟೆಂಟ್ ಹಾಕಿಸಿದೆ. ಬಿಲ್ಲು ಕಂಪನಿ ಇನ್ಶೂರೆನ್ಸಿಗೆ ಹೋಯಿತು, ನಾನು ಕೊಟ್ಟಿದ್ದು ಹನ್ನೊಂದು ಸಾವಿರ ಚಿಲ್ಲರೆ. ಅಪ್ಪ ಈಗಲೂ ಬೆಳಗ್ಗೆ ತೋಟಕ್ಕೆ ಹೋಗಿ ಬಿದ್ದ ಗರಿ ಎಳೆದು ಹಾಕಿ ಬರುತ್ತಾನೆ.

ಚಿಕ್ಕಪ್ಪನಿಗೆ ಹೋದ ವರ್ಷ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ತೊದಲುತ್ತದೆ. ಮನೆಯ ಜಗುಲಿಯೇ ಈಗ ಅವನ ಲೋಕ.

ಈ ಬರಹ ಅದರ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಕವರ್ ತುಂಬ ಕಾರ್ಡು ಕೊಟ್ಟ ಮೇಲೂ ನಮ್ಮ ವ್ಯವಸ್ಥೆ ಒಬ್ಬ ಅಣ್ಣನನ್ನು ತೋಟದಲ್ಲಿ, ಒಬ್ಬ ತಮ್ಮನನ್ನು ಜಗುಲಿಯಲ್ಲಿ ಯಾಕೆ ಇಟ್ಟಿತು ಅನ್ನುವುದರ ಬಗ್ಗೆ.

ಮೊದಲು ಲೆಕ್ಕ. ನಾನು ಓದಿದ್ದು ಬಿಇ, ಮಾಡೋದು ಸಾಫ್ಟ್‌ವೇರ್ ಕೆಲಸ. ಏನಾದರೂ ಕೆಟ್ಟುಹೋದರೆ ಎಲ್ಲಿ ಕೆಟ್ಟಿತು ಅಂತ ಹಿಂದಕ್ಕೆ ಹಿಂದಕ್ಕೆ ಹುಡುಕಿಕೊಂಡು ಹೋಗೋದು ನಮಗೆ ಅಭ್ಯಾಸ. ಚಿಕ್ಕಪ್ಪನ ವಿಷಯದಲ್ಲೂ ಹಾಗೇ ಹೋದೆ. ಆಸ್ಪತ್ರೆ ಬಿಲ್ಲಿನಿಂದ ಶುರು ಮಾಡಿದವನು ಬಂದು ನಿಂತಿದ್ದು ಹತ್ತು ಮಾತ್ರೆಯ ಒಂದು ಶೀಟಿನ ಹತ್ತಿರ.

ನಮಗೆ ಸೇರಿದ ಪ್ರಾಥಮಿಕ ಆರೋಗ್ಯ ಕೇಂದ್ರ ಆರು ಕಿಲೋಮೀಟರ್ ದೂರ. ಅಲ್ಲಿ ಬಿಪಿ ಮಾತ್ರೆ ಉಚಿತ. ಆದರೆ ಒಂದು ಸಲಕ್ಕೆ ಕೊಡ್ತಿದ್ದುದು ಹತ್ತು ದಿನದ್ದು. ಅಂದರೆ ತಿಂಗಳಿಗೆ ಮೂರು ಸಲ ಹೋಗಬೇಕು. ಡಾಕ್ಟರು ಕೂರುವ ಹೊತ್ತು ಕೂಲಿಯವರು ಕೆಲಸದಲ್ಲಿರುವ ಹೊತ್ತೇ. ಎರಡೆಕರೆ ತೆಂಗು ಇದ್ದರೂ ಅದೊಂದರಿಂದಲೇ ಸಂಸಾರ ನಡೆಯಲ್ಲ ಅಂತ ಚಿಕ್ಕಪ್ಪ ಕಾಯಿ ಸುಲಿಯೋಕೆ ಹೋಗ್ತಿದ್ದ. ಅರ್ಧ ದಿನದ ಕೂಲಿ ಹೋದರೆ 250 ರೂಪಾಯಿ, ಹೋಗಿಬರುವ ಖರ್ಚು 40. ಒಂದು ಸಲಕ್ಕೆ 290. ಮೂರು ಸಲಕ್ಕೆ 870. ತಿಂಗಳ ಮೂವತ್ತು ದಿನಕ್ಕೆ ಭಾಗಿಸಿ ನೋಡಿ: ಸರ್ಕಾರದ ಉಚಿತ ಮಾತ್ರೆಯ ಬೆಲೆ ನಮ್ಮ ಚಿಕ್ಕಪ್ಪನ ಪಾಲಿಗೆ ದಿನಕ್ಕೆ 29 ರೂಪಾಯಿ!

ಅದೇ ಮಾತ್ರೆ ಪೇಟೆಯ ಮೆಡಿಕಲ್ ಸ್ಟೋರಿನಲ್ಲಿ ಎರಡೋ ಮೂರೋ ರೂಪಾಯಿ. ಜನೌಷಧಿ ಅಂಗಡಿಯಲ್ಲಿ ಒಂದು ರೂಪಾಯಿಗೂ ಕಡಿಮೆ. ಅವನು ಹಾಗೇ ಮಾಡಿದ, ಕೇಂದ್ರಕ್ಕೆ ಹೋಗೋದು ಬಿಟ್ಟು ಸಂತೆಗೆ ಹೋದಾಗ ಪೇಟೆಯಲ್ಲಿ ತಗೊಳ್ತಿದ್ದ. ಸಂತೆ ತಪ್ಪಿದ ವಾರ ಮಾತ್ರೆಯೂ ತಪ್ಪುತ್ತಿತ್ತು. ಬಿಪಿಯ ತೊಂದರೆ ನಿಮಗೂ ಗೊತ್ತಲ್ಲ, ಅದು ನೋಯಲ್ಲ. ಮಾತ್ರೆ ಬಿಟ್ಟರೂ ನಾಲ್ಕು ದಿನ ಏನೂ ಆಗಲ್ಲ. ನಾನು ಯುಗಾದಿಗೆ ಹೋದಾಗ ಕೇಳಿದ್ದೆ, “ಚಿಕ್ಕಪ್ಪ, ಮಾತ್ರೆ ಸರಿಯಾಗಿ ತಗೊಳ್ತಿದೀಯಾ?” ಅಂತ. “ತಲೆ ಭಾರ ಅನ್ನಿಸಿದ್ರೆ ತಗೊಂತೀನಿ ಬಿಡ್ಲಾ ಮಗ, ನಂಗೇನಾಗೈತೆ, ಕಲ್ಗುಂಡು ಇದ್ದಂಗಿವ್ನಿ” ಅಂದ. ನಾನೂ ನಕ್ಕು ಸುಮ್ಮನಾದೆ. ಅಪ್ಪನಿಗೆ ತರುವಾಗ ಇನ್ನೊಂದಿಷ್ಟು ಶೀಟು ಹೆಚ್ಚಿಗೆ ತರಬಹುದಿತ್ತು. ತರಲಿಲ್ಲ. ಈ ಲೆಕ್ಕದಲ್ಲಿ ನನ್ನ ಹೆಸರಿನ ಮುಂದೆಯೂ ಒಂದು ಬಾಕಿ ಇದೆ, ಅದನ್ನು ಬರೆಯದೆ ವ್ಯವಸ್ಥೆಯನ್ನು ಬೈಯೋದು ಸರಿಯಲ್ಲ.

ಸ್ಟ್ರೋಕ್ ಆದದ್ದು ಬೆಳಗಿನ ಜಾವ. ಮೊದಲು ಹೋಬಳಿಯ ಕ್ಲಿನಿಕ್ಕಿಗೆ ಒಯ್ದರು, ಅಲ್ಲಿ ಡ್ರಿಪ್ ಹಾಕಿ ಕೂರಿಸಿಕೊಂಡರು. ಆಮೇಲೆ ಯಾರದೋ ಓಮ್ನಿಯಲ್ಲಿ ದೊಡ್ಡೂರಿನ ಒಂದು ಖಾಸಗಿ ಆಸ್ಪತ್ರೆಗೆ. ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ಗಂಟೆಯೊಳಗಿನ ಅವಕಾಶ ಇರುತ್ತದೆ. ಅದಕ್ಕೂ ಮೊದಲು ಸ್ಕ್ಯಾನ್ ಆಗಿರಬೇಕು. ಇವರು ಸ್ಕ್ಯಾನ್ ಮಷೀನಿನ ಮುಂದೆ ತಲುಪುವಾಗ ಏಳು ಗಂಟೆ ಕಳೆದಿತ್ತು. ಚಿಕ್ಕಮ್ಮ ಕವರ್ ತೆಗೆದು ಆಯುಷ್ಮಾನ್ ಕಾರ್ಡು ಕೌಂಟರಿಗೆ ಕೊಟ್ಟರೆ, “ನಮ್ಮ ಆಸ್ಪತ್ರೆ ಈ ಸ್ಕೀಮಿನಲ್ಲಿ ಇಲ್ಲಮ್ಮ” ಅಂದರಂತೆ. ಇಂಥ ಆಸ್ಪತ್ರೆ ಸ್ಕೀಮಿನಲ್ಲಿದೆ, ಇಂಥದ್ದು ಇಲ್ಲ ಅಂತ ಯಾವ ಕಾರ್ಡಿನ ಮೇಲೂ ಬರೆದಿರಲ್ಲ. ಬರೆದಿದ್ದರೂ ಆ ಹೊತ್ತಲ್ಲಿ ಓದೋರು ಯಾರು?

ಐದು ದಿನ ಐಸಿಯು. 1,86,000 ರೂಪಾಯಿ. ಎರಡು ಹಸು ಹೋದವು, ಚಿಕ್ಕಮ್ಮನ ಸರ ಅಡವಿಗೆ ಹೋಯಿತು, ಉಳಿದದ್ದು ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲ. ಆರನೇ ದಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಸಾಗಿಸಿದೆವು. ಅಲ್ಲಿ ಚಿಕಿತ್ಸೆಗೆ ದುಡ್ಡು ಕೇಳಲಿಲ್ಲ, ನೋಡಿಕೊಂಡದ್ದೂ ಚೆನ್ನಾಗಿಯೇ. ಆದರೆ ಆಗಬೇಕಾದ್ದು ಆಗಿಹೋಗಿತ್ತು.

ಬಿಪಿ ಗೊತ್ತಾದ ಮೇಲೆ ಚಿಕ್ಕಪ್ಪ ಏಳು ವರ್ಷ ಬದುಕಿದ್ದ, ಅಂದರೆ ಎರಡು ಕಾಲ ಮೇಲೆ ನಿಂತು ಬದುಕಿದ್ದ. ದಿನಕ್ಕೆ ಎರಡು ರೂಪಾಯಿಯ ಮಾತ್ರೆ ಏಳು ವರ್ಷಕ್ಕೆ 5,110 ರೂಪಾಯಿ. ಮಾತ್ರೆ ತಗೊಂಡ ಎಲ್ಲರಿಗೂ ಸ್ಟ್ರೋಕ್ ತಪ್ಪುತ್ತದೆ ಅಂತ ನಾನು ಹೇಳ್ತಿಲ್ಲ. ಅಪಾಯ ಬಹಳ ಇಳಿಯುತ್ತದೆ ಅನ್ನೋದರಲ್ಲಿ ಯಾವ ಡಾಕ್ಟರಿಗೂ ಅನುಮಾನ ಇಲ್ಲ. ಐದು ಸಾವಿರದ ಕೆಲಸವನ್ನು ಮನೆಬಾಗಿಲಿಗೆ ಮುಟ್ಟಿಸದ ವ್ಯವಸ್ಥೆ, ಐದು ಲಕ್ಷದ ಕಾರ್ಡನ್ನು ಮಾತ್ರ ಮನೆಬಾಗಿಲಿಗೆ ಮುಟ್ಟಿಸಿತ್ತು. ನನ್ನ ತಕರಾರು ಇರೋದು ಇಲ್ಲಿ.

ಹಾಗಂತ ಕಾರ್ಡುಗಳನ್ನು ಹೀಗಳೆಯೋಕೆ ನಾನು ಬಂದಿಲ್ಲ. ಕರ್ನಾಟಕ ಈ ದಾರಿಯಲ್ಲಿ ದೇಶಕ್ಕೇ ಮುಂದೆ ಇತ್ತು. 2003ರಲ್ಲಿ ಯಶಸ್ವಿನಿ ಶುರುವಾದಾಗ ಸಹಕಾರ ಸಂಘದ ಸದಸ್ಯ ರೈತ ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿ ದೊಡ್ಡ ಆಪರೇಷನ್ ಮಾಡಿಸಿಕೊಳ್ಳಬಹುದಿತ್ತು. ಡಾ. ದೇವಿ ಶೆಟ್ಟರ ಯೋಚನೆ, ಸಹಕಾರ ಇಲಾಖೆಯ ಜಾಲ, ಎರಡೂ ಸೇರಿ ಆದ ಕೆಲಸ ಅದು. ಹಾಲಿನ ಡೇರಿಯಲ್ಲಿ ಹಾಲಿನ ದುಡ್ಡಿನಿಂದಲೇ ಕಂತು ಹಿಡಿದುಕೊಂಡದ್ದು ನನಗೆ ನೆನಪಿದೆ. 2010ರ ಹೊತ್ತಿಗೆ ವಾಜಪೇಯಿ ಆರೋಗ್ಯಶ್ರೀ ಬಂತು. ಬಡತನ ರೇಖೆಗಿಂತ ಕೆಳಗಿನವರಿಗೆ ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆ ಉಚಿತ. ಮೊದಲು ಉತ್ತರ ಕರ್ನಾಟಕದಲ್ಲಿ ಜಾರಿಯಾದ ಕಾರಣ, ಯೋಜನೆ ಇದ್ದ ಹಳ್ಳಿಗಳನ್ನೂ ಗಡಿಯಾಚೆ ಯೋಜನೆ ಇನ್ನೂ ಬಾರದ ಹಳ್ಳಿಗಳನ್ನೂ ಹೋಲಿಸಿ ನೋಡಲು ಸಂಶೋಧಕರಿಗೆ ಒಳ್ಳೇ ಅವಕಾಶ ಸಿಕ್ಕಿತು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಆ ಅಧ್ಯಯನದ ಪ್ರಕಾರ, ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ ಆ ಕಾಯಿಲೆಗಳಿಂದಾದ ಸಾವು ಗಣನೀಯವಾಗಿ ಕಡಿಮೆ ಇತ್ತು, ಆಸ್ಪತ್ರೆಗೆ ಕೈಯಿಂದ ಹಾಕುವ ದುಡ್ಡೂ ಇಳಿದಿತ್ತು. ಇದು ಸಣ್ಣ ಸಾಧನೆ ಅಲ್ಲ.

2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂತು. ನಮ್ಮಲ್ಲಿ ಹಳೆಯ ಯೋಜನೆಗಳೆಲ್ಲ ಸೇರಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಆಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ, ಎಪಿಎಲ್‌ನವರಿಗೆ ಒಂದೂವರೆ ಲಕ್ಷದ ಮಿತಿಯಲ್ಲಿ ಪ್ಯಾಕೇಜ್ ದರದ ಶೇ. 30ರಷ್ಟು. ತುರ್ತು ಅಲ್ಲದ ಕಾಯಿಲೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. 2024ರಲ್ಲಿ 70 ದಾಟಿದ ಎಲ್ಲರನ್ನೂ ಕೇಂದ್ರ ಈ ಯೋಜನೆಯೊಳಗೆ ತಂದಿತು.

ದೇಶದ ಅಂಕಿಯೂ ಸುಧಾರಿಸಿದೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2013-14ರಲ್ಲಿ ಆರೋಗ್ಯಕ್ಕಾಗಿ ಖರ್ಚಾಗುವ ಪ್ರತಿ ನೂರು ರೂಪಾಯಿಯಲ್ಲಿ 64 ರೂಪಾಯಿ ಜನರ ಜೇಬಿನಿಂದಲೇ ಹೋಗ್ತಿತ್ತು. 2021-22ಕ್ಕೆ ಅದು 39ಕ್ಕೆ ಇಳಿದಿದೆ. ಇಳಿದದ್ದು ನಿಜ, ಸಂತೋಷ. ಆದರೆ ಸರಾಸರಿ ಅನ್ನೋದು ಮೊಣಕಾಲುದ್ದದ ಹೊಳೆ ಇದ್ದ ಹಾಗೆ, ನಡುವೆ ಎಲ್ಲೋ ಒಂದು ಕಡೆ ಆಳುಮುಳುಗುವ ಗುಂಡಿಯೂ ಇರುತ್ತದೆ. ಚಿಕ್ಕಪ್ಪ ಬಿದ್ದದ್ದು ಆ ಗುಂಡಿಗೆ.

ಆ ಗುಂಡಿ ಯಾವುದು? ಈ ಯೋಜನೆಗಳೆಲ್ಲ ಬಾಗಿಲು ತೆರೆಯೋದು ನೀವು ಆಸ್ಪತ್ರೆಯಲ್ಲಿ ಮಲಗಿದ ಮೇಲೆ. ಹೊರರೋಗಿಯಾಗಿ ಹೋದರೆ ಡಾಕ್ಟರ ಫೀಸು, ರಕ್ತಪರೀಕ್ಷೆ, ತಿಂಗಳ ಮಾತ್ರೆ ನಿಮ್ಮದೇ. ಮಲಗೋಕೆ ಮುಂಚಿನ ಹತ್ತು ವರ್ಷ, ಎದ್ದ ಮೇಲಿನ ಹತ್ತು ವರ್ಷ ಯಾವ ಕಾರ್ಡಿಗೂ ಕಾಣಲ್ಲ. ಬಿಪಿ, ಸಕ್ಕರೆ ಕಾಯಿಲೆ, ಅಸ್ತಮಾ, ಮೂರ್ಛೆರೋಗ, ಮಾನಸಿಕ ಕಾಯಿಲೆ ಇವಕ್ಕೆಲ್ಲ ಬೇಕಾದ್ದು ಆಪರೇಷನ್ ಥಿಯೇಟರ್ ಅಲ್ಲ, ತಪ್ಪದೆ ಸಿಗುವ ಮಾತ್ರೆ ಮತ್ತು ಗುರುತಿಟ್ಟು ವಿಚಾರಿಸುವ ಒಬ್ಬರು ನರ್ಸು. ಈಗ ಚಿಕ್ಕಪ್ಪನಿಗೆ ವಾರಕ್ಕೆರಡು ಸಲ ಫಿಸಿಯೋಥೆರಪಿ ಬೇಕು. ಪೇಟೆಗೆ ಆಟೋ, ಅಲ್ಲಿನ ಫೀಸು, ಜೊತೆಗೆ ಹೋಗುವ ಚಿಕ್ಕಮ್ಮನ ಕೂಲಿ ಎಲ್ಲ ಮನೆಯಿಂದಲೇ. ನಾಲ್ಕು ತಿಂಗಳು ಹೋಗಿ ಬಿಟ್ಟರು. ಐದು ಲಕ್ಷದ ಕಾರ್ಡು ಮಾತ್ರ ಕವರಿನಲ್ಲಿ ಹಾಗೇ ಇದೆ, ಒಂದು ಪೈಸೆ ಖರ್ಚಾಗದೆ.

ಇನ್ನೊಂದು ಗುಂಡಿ ದರದ್ದು. ಇದರ ಬಗ್ಗೆ ಬರೆಯುವಾಗ ನನ್ನ ಹಳೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. 2017ರಲ್ಲಿ ರಾಜ್ಯ ಸರ್ಕಾರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ, ಜನ ಕೆಪಿಎಂಇ ಅಂತ ಕರೀತಾರಲ್ಲ ಅದಕ್ಕೆ, ತಿದ್ದುಪಡಿ ತರಲು ಹೊರಟಿತು. ಚಿಕಿತ್ಸೆಗಳಿಗೆ ಸರ್ಕಾರ ದರ ನಿಗದಿ ಮಾಡಬೇಕು, ಮೀರಿದವರಿಗೆ ಶಿಕ್ಷೆ ಆಗಬೇಕು ಅನ್ನೋದು ಮೂಲ ಕರಡಿನಲ್ಲಿತ್ತು. ಆಗ ಆರೋಗ್ಯ ಸಚಿವರಾಗಿದ್ದವರು ಕೆ.ಆರ್. ರಮೇಶ್ ಕುಮಾರ್. ನವೆಂಬರಿನಲ್ಲಿ ಬೆಳಗಾವಿ ಅಧಿವೇಶನ ನಡೆಯುವಾಗಲೇ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಹೊರರೋಗಿ ವಿಭಾಗಗಳು ಬಾಗಿಲು ಹಾಕಿದವು. ಕೊನೆಗೆ ಪಾಸಾದ ಮಸೂದೆಯಲ್ಲಿ ದರ ನಿಗದಿ ಸರ್ಕಾರಿ ಯೋಜನೆಯ ರೋಗಿಗಳಿಗಷ್ಟೇ ಸೀಮಿತವಾಯಿತು. ದರಪಟ್ಟಿ ಪ್ರದರ್ಶಿಸಬೇಕು, ತುರ್ತು ಸ್ಥಿತಿಯಲ್ಲಿ ಮುಂಗಡ ಕೇಳಬಾರದು, ಬಾಕಿ ಇದೆ ಅಂತ ಹೆಣ ತಡೆಯಬಾರದು ಅನ್ನುವ ಒಳ್ಳೆಯ ಅಂಶಗಳು ಉಳಿದವು. ದೂರು ಕೇಳಲು ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರವೂ ಬಂತು.

ಆಗ ನಾನು ಮುಷ್ಕರದ ಪರ ಇದ್ದೆ. ‘ನನ್ನ ಕೋಡಿಗೆ ಸರ್ಕಾರ ರೇಟ್ ಫಿಕ್ಸ್ ಮಾಡಿದ್ರೆ ನಾನು ಸುಮ್ನಿರ್ತೀನಾ’ ಅಂತ ಆಫೀಸಿನ ಕ್ಯಾಂಟೀನಿನಲ್ಲಿ ವಾದ ಮಾಡಿದ್ದೆ. ಈಗ ಆ ವಾದದ ತೂತು ಕಾಣಿಸುತ್ತದೆ. ನನ್ನ ಕೋಡು ಕೊಳ್ಳೋರು ಮೂರು ಕಂಪನಿ ವಿಚಾರಿಸಿ, ಚೌಕಾಸಿ ಮಾಡಿ, ಬೇಡ ಅನ್ನಿಸಿದರೆ ಎದ್ದು ಹೋಗಬಹುದು. ಬೆಳಗಿನ ಜಾವ ಬಾಯಿ ಸೊಟ್ಟಗಾದ ಗಂಡನನ್ನು ಓಮ್ನಿಯಲ್ಲಿ ಮಲಗಿಸಿಕೊಂಡು ಬಂದ ಚಿಕ್ಕಮ್ಮ ಚೌಕಾಸಿ ಮಾಡೋದು ಎಲ್ಲಿಂದ ಬಂತು? ಕೊಳ್ಳುವವರಿಗೆ ಎದ್ದು ಹೋಗುವ ಸ್ವಾತಂತ್ರ್ಯ ಇಲ್ಲದ ಕಡೆ ಸಂತೆಯ ನ್ಯಾಯ ನಡೆಯಲ್ಲ.

ದರ ಕಟ್ಟಿದರೆ ಆಸ್ಪತ್ರೆಗಳು ಮುಳುಗುತ್ತವೆ ಅನ್ನೋ ಮಾತಿಗೆ ನಮ್ಮ ಕಣ್ಣ ಮುಂದೆಯೇ ಒಂದು ಉದಾಹರಣೆ ಇದೆ. ಅದೇ 2017ರ ಫೆಬ್ರವರಿಯಲ್ಲಿ ಔಷಧ ಬೆಲೆ ಪ್ರಾಧಿಕಾರ ಹೃದಯದ ಸ್ಟೆಂಟಿಗೆ ಗರಿಷ್ಠ ಬೆಲೆ ಕಟ್ಟಿತು: ಸಾದಾ ಸ್ಟೆಂಟಿಗೆ 7,260 ರೂಪಾಯಿ, ಔಷಧ ಲೇಪಿತ ಸ್ಟೆಂಟಿಗೆ 29,600, ತೆರಿಗೆ ಬೇರೆ. ಅದಕ್ಕೂ ಮೊದಲು ಲೇಪಿತ ಸ್ಟೆಂಟಿಗೆ ಲಕ್ಷ ದಾಟಿ ಬಿಲ್ಲು ಮಾಡುತ್ತಿದ್ದ ಕಾಲ. ಸ್ಟೆಂಟ್ ಹಾಕುವುದು ನಿಂತಿತಾ? ಇಲ್ಲ. ನಮ್ಮಪ್ಪನಿಗೂ ಅದರ ನಂತರವೇ ಹಾಕಿದ್ದು. ಆದರೆ ಬಿಲ್ಲಿನ ಬೇರೆ ಸಾಲುಗಳು ಉಬ್ಬಿದವು ಅನ್ನೋ ದೂರೂ ಬಂತು. ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ಉಬ್ಬುತ್ತದೆ. ಹಾಗಾಗಿ ಒಂದೊಂದೇ ವಸ್ತುವಿಗೆ ಬೆಲೆ ಕಟ್ಟಿದರೆ ಸಾಲದು, ಇಡೀ ಚಿಕಿತ್ಸೆಗೆ ಒಂದು ದರ ಇರಬೇಕು, ಅದು ಬಾಗಿಲಲ್ಲೇ ಕನ್ನಡದಲ್ಲಿ ಕಾಣಬೇಕು.

ಡಾಕ್ಟರುಗಳ ಮಾತಿನಲ್ಲೂ ನ್ಯಾಯ ಇದೆ, ಅದನ್ನು ಹಾರಿಸಿ ಬರೆದರೆ ಈ ವಾದ ನಿಲ್ಲಲ್ಲ. ನನ್ನ ಜೊತೆ ಪಿಯುಸಿ ಓದಿದವನೊಬ್ಬ ಈಗ ತಾಲ್ಲೂಕು ಕೇಂದ್ರದಲ್ಲಿ ಹದಿನೈದು ಹಾಸಿಗೆಯ ನರ್ಸಿಂಗ್ ಹೋಮ್ ನಡೆಸ್ತಾನೆ. “ಸ್ಕೀಮಿನ ಪ್ಯಾಕೇಜ್ ದರದಲ್ಲಿ ನನಗೆ ಸ್ಟಾಫ್ ಸಂಬಳವೂ ಹುಟ್ಟಲ್ಲ ಕಣೋ. ಕೊಟ್ಟರೂ ತಿಂಗಳುಗಟ್ಟಲೆ ತಡ. ಮಧ್ಯೆ ಇಎಂಐ ನಿಮ್ಮ ಸರ್ಕಾರ ಕಟ್ಟುತ್ತಾ?” ಅಂತ ಕೇಳಿದ. ಸರ್ಕಾರಿ ಆಸ್ಪತ್ರೆಗಳನ್ನೂ ಅದೇ ಕಾಯ್ದೆಯೊಳಗೆ ತನ್ನಿ ಅನ್ನೋದು ಆಗ ಮುಷ್ಕರ ಹೂಡಿದವರ ಬೇಡಿಕೆಯಾಗಿತ್ತು, ಅದು ತಪ್ಪು ಬೇಡಿಕೆ ಅಂತ ನನಗೆ ಈಗಲೂ ಅನ್ನಿಸಿಲ್ಲ. ದರ ಕಟ್ಟುವವರು ನಿಜವಾದ ಖರ್ಚಿನ ಲೆಕ್ಕ ಹಾಕಿ, ಆ ಲೆಕ್ಕವನ್ನು ಎಲ್ಲರ ಮುಂದೆ ಇಟ್ಟು, ಹೇಳಿದ ದಿನಕ್ಕೆ ದುಡ್ಡು ಕೊಟ್ಟರೆ ನನ್ನ ಗೆಳೆಯನಂಥವರು ಒಳಗೆ ಬರುತ್ತಾರೆ. ಇಲ್ಲದಿದ್ದರೆ “ನಮ್ಮ ಆಸ್ಪತ್ರೆ ಸ್ಕೀಮಿನಲ್ಲಿ ಇಲ್ಲಮ್ಮ” ಅನ್ನೋ ಉತ್ತರ ಇನ್ನೂ ನಾಲ್ಕು ಕೌಂಟರುಗಳಲ್ಲಿ ಕೇಳುತ್ತದೆ.

ಇನ್ನು ನಮ್ಮ ವಿಷಯ. ನಮ್ಮ ಅಂದರೆ ಹಳ್ಳಿಯಿಂದ ಬಂದು ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತವರ ವಿಷಯ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಇಲ್ಲದಿದ್ದರೆ ಗಲಾಟೆ ಮಾಡಬೇಕಾದ ಬಾಯಿಗಳು ನಮ್ಮವು. ನಮಗೆ ಅರ್ಜಿ ಬರೆಯೋಕೆ ಬರುತ್ತದೆ, ಮಾಹಿತಿ ಹಕ್ಕಿನಲ್ಲಿ ಕೇಳೋಕೆ ಗೊತ್ತಿದೆ. ಆದರೆ ನಾವು ಕಂಪನಿ ಕಾರ್ಡು ಹಿಡಿದು ಆ ಸಾಲಿನಿಂದ ಹೊರಗೆ ಬಂದುಬಿಟ್ಟಿದ್ದೇವೆ. ಸರ್ಕಾರಿ ಶಾಲೆಗೂ ಹೀಗೇ ಮಾಡಿದೆವು.

ಆ ಕಂಪನಿ ಕಾರ್ಡು ಎಷ್ಟು ಗಟ್ಟಿ ಅನ್ನೋದು ನನಗೆ ಗೊತ್ತಾದದ್ದು ಎರಡು ವರ್ಷದ ಹಿಂದೆ. ಒಂದು ಮಂಗಳವಾರ ಬೆಳಗ್ಗೆ ಹದಿನೈದು ನಿಮಿಷದ ವಿಡಿಯೋ ಕಾಲಿನಲ್ಲಿ ನಮ್ಮ ಇಡೀ ಟೀಮನ್ನು ತೆಗೆದರು. ಸಂಬಳ ಹೋದ ಭಯಕ್ಕಿಂತ ಮೊದಲು ತಲೆಗೆ ಬಂದದ್ದು ಅಪ್ಪನ ಹೃದಯ. ಕೊನೆಯ ಕೆಲಸದ ದಿನಕ್ಕೇ ಇನ್ಶೂರೆನ್ಸೂ ಮುಗಿಯಿತು. ಹೊರಗೆ ಸ್ವಂತ ಪಾಲಿಸಿ ಮಾಡಿಸೋಕೆ ಹೋದರೆ, ಸ್ಟೆಂಟ್ ಇರೋ ಅರವತ್ತೇಳು ವರ್ಷದವರಿಗೆ ಕೇಳಿದ ಕಂತು ನೋಡಿ ತಲೆ ತಿರುಗಿತು. ಈಗಾಗಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯುವ ಷರತ್ತು ಹಾಕಲು ಪಾಲಿಸಿಗಳಿಗೆ ನಿಯಮದಲ್ಲೇ ಅವಕಾಶ ಇದೆ. ಅಂದರೆ ಯಾವ ಕಾಯಿಲೆಗೆ ವಿಮೆ ಬೇಕೋ ಅದೊಂದನ್ನು ಬಿಟ್ಟು ಉಳಿದದ್ದಕ್ಕೆ ವಿಮೆ. ಐದು ತಿಂಗಳು ಕೆಲಸವಿಲ್ಲದೆ ಇದ್ದೆ. ಆ ಐದು ತಿಂಗಳು ಅಪ್ಪ ಫೋನ್ ಮಾಡಿದಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು. ಅಣ್ಣ ತಮ್ಮನ ನಡುವೆ ಇದ್ದ ಅಂತರ ನನ್ನ ಒಂದು ಐಡಿ ಕಾರ್ಡಿನ ಅಗಲದ್ದು ಮಾತ್ರ ಅಂತ ಆಗ ಅರ್ಥ ಆಯಿತು.

ಹಾಗಾದರೆ ಏನು ಮಾಡಬೇಕು? ಬೈದು ಎದ್ದು ಹೋಗೋದು ಸುಲಭ, ಆದ್ದರಿಂದ ನಾಲ್ಕು ಮಾತು ಹೇಳಿಯೇ ಮುಗಿಸ್ತೀನಿ.

ಮೊದಲನೆಯದು ಮಾತ್ರೆ. ಬಿಪಿ, ಸಕ್ಕರೆ ಕಾಯಿಲೆಯಂಥವಕ್ಕೆ ಕನಿಷ್ಠ ಒಂದು ತಿಂಗಳ, ಸಾಧ್ಯವಾದರೆ ಎರಡು-ಮೂರು ತಿಂಗಳ ಮಾತ್ರೆ ಒಟ್ಟಿಗೆ, ಊರಿನ ಉಪಕೇಂದ್ರದಲ್ಲೇ ಸಿಗಬೇಕು. ಇದೇನೂ ಆಕಾಶದಿಂದ ತರಬೇಕಾದ್ದಲ್ಲ. ತಮಿಳುನಾಡು 1994ರಲ್ಲೇ ಔಷಧ ಖರೀದಿಗೆಂದು ಪ್ರತ್ಯೇಕ ನಿಗಮ ಮಾಡಿತು. ಒಟ್ಟಿಗೆ ಕೊಳ್ಳೋದು, ಗುಣಮಟ್ಟ ಪರೀಕ್ಷೆ ಆದ ಮೇಲೆಯೇ ಬಿಡೋದು, ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್ ಕೊಟ್ಟು ಅವರಿಗೆ ಬೇಕಾದಷ್ಟನ್ನು ಗೋದಾಮಿನಿಂದ ಎತ್ತಲು ಬಿಡೋದು. ಅದರ ಮೇಲೆಯೇ 2021ರಲ್ಲಿ ಮನೆಬಾಗಿಲಿಗೆ ಮಾತ್ರೆ ಮುಟ್ಟಿಸುವ ‘ಮಕ್ಕಳೈ ತೇಡಿ ಮರುತ್ತುವಂ’ ಶುರು ಮಾಡಿದರು. ನಮ್ಮಲ್ಲೂ 2024ರಲ್ಲಿ ಕೋಲಾರದಿಂದ ‘ಗೃಹ ಆರೋಗ್ಯ’ ಆರಂಭವಾಗಿದೆ, ಮನೆಗೇ ಬಂದು ತಪಾಸಣೆ ಮಾಡುವ ಯೋಜನೆ. ಒಳ್ಳೆಯದು. ಆದರೆ ತಪಾಸಣೆ ಮಾಡಿ ‘ನಿಮಗೆ ಬಿಪಿ ಇದೆ’ ಅಂತ ಹೇಳಿ ಹೋಗೋದಷ್ಟೇ ಆದರೆ ಅದು ಚಿಕ್ಕಪ್ಪನಿಗೆ ಶಿಬಿರದಲ್ಲೇ ಆಗಿತ್ತು. ಅದೇ 2024ರ ಕೊನೆಯಲ್ಲಿ ಬಳ್ಳಾರಿಯಲ್ಲಿ ಹೆರಿಗೆಯಾದ ತಾಯಂದಿರು ಸಾಲಾಗಿ ತೀರಿಕೊಂಡು, ಕೊಟ್ಟ ಐವಿ ದ್ರಾವಣದ ಮೇಲೆಯೇ ಶಂಕೆ ಎದ್ದದ್ದನ್ನು ಮರೆಯಬಾರದು. ಅಗ್ಗಕ್ಕೆ ಕೊಳ್ಳೋದು ಎಷ್ಟು ಮುಖ್ಯವೋ, ಪರೀಕ್ಷೆ ಮಾಡಿ ಕೊಡೋದು ಅದಕ್ಕಿಂತ ಮುಖ್ಯ.

ಎರಡನೆಯದು ಹೊತ್ತು. ವಾರಕ್ಕೆ ಎರಡು ದಿನವಾದರೂ ಆರೋಗ್ಯ ಕೇಂದ್ರ ಸಂಜೆ ತೆರೆದಿರಲಿ. ಕೂಲಿ ಬಿಟ್ಟು ಬಂದು ಉಚಿತ ಚಿಕಿತ್ಸೆ ತಗೊಳ್ಳಿ ಅನ್ನೋದು ಉಚಿತ ಅಲ್ಲ, ಲೆಕ್ಕ ಮೇಲೆಯೇ ಇದೆ.

ಮೂರನೆಯದು ಗುಣಮಟ್ಟ. ‘ಸರ್ಕಾರಿ ಆಸ್ಪತ್ರೆ ಅಂದ್ರೆ ಅಷ್ಟೇ ಬಿಡಿ’ ಅನ್ನೋರಿಗೆ ನಾನು ಜಯದೇವ ತೋರಿಸ್ತೀನಿ. ಡಾ. ಸಿ.ಎನ್. ಮಂಜುನಾಥ್ ನಿರ್ದೇಶಕರಾಗಿದ್ದ ಕಾಲದಲ್ಲಿ ‘ಮೊದಲು ಚಿಕಿತ್ಸೆ, ಆಮೇಲೆ ದುಡ್ಡು’ ಅನ್ನೋದನ್ನು ಅಲ್ಲಿ ನಡೆಸಿ ತೋರಿಸಿದರು. ಈಗ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ, ಹೃದಯಾಘಾತವಾದವರಿಗೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡುತ್ತಿದ್ದಾರೆ, ಇಸಿಜಿ ನೋಡಿ ಹೇಳುವ ತಜ್ಞರು ದೂರದಲ್ಲಿ ಕೂತಿರುತ್ತಾರೆ. ಹೃದಯಕ್ಕೆ ಸಾಧ್ಯವಾದದ್ದು ಮೆದುಳಿಗೂ ಸಾಧ್ಯವಾಗಬೇಕು. ಸ್ಕ್ಯಾನ್ ಬೇಕಾದ್ದರಿಂದ ಅದು ಕಷ್ಟದ್ದು, ಒಪ್ಪುತ್ತೇನೆ. ಕನಿಷ್ಠ 108ರವರು ಸ್ಟ್ರೋಕ್ ರೋಗಿಯನ್ನು ಸ್ಕ್ಯಾನ್ ಇರುವ, ಯೋಜನೆಯಲ್ಲಿರುವ ಆಸ್ಪತ್ರೆಗೇ ನೇರ ಒಯ್ಯುವ ವ್ಯವಸ್ಥೆ ಆಗಲಿ. ಊರಿನವರಿಗೆ ಓಮ್ನಿಗಿಂತ ಮೊದಲು 108 ನೆನಪಾಗಲಿ.

ನಾಲ್ಕನೆಯದು ದುಡ್ಡು. ‘ಎಲ್ಲ ಬಿಟ್ಟಿ ಕೊಟ್ಟರೆ ದುಡ್ಡು ಎಲ್ಲಿಂದ?’ ಅಂತ ಕೇಳುವವರು ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲೇ ಬಹಳ ಜನ ಇದ್ದಾರೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರೊಳಗೆ ಸರ್ಕಾರಗಳು ಜಿಡಿಪಿಯ ಶೇ. 2.5ರಷ್ಟನ್ನು ಆರೋಗ್ಯಕ್ಕೆ ಖರ್ಚು ಮಾಡಬೇಕು ಅಂತ ತಾನೇ ಬರೆದುಕೊಂಡಿತ್ತು. ಕೋವಿಡ್ ಖರ್ಚೂ ಸೇರಿದ್ದ 2021-22ರಲ್ಲೇ ಅದು ಮುಟ್ಟಿದ್ದು ಶೇ. 1.84. ಹೊಸದಾಗಿ ಏನೂ ಕೇಳುತ್ತಿಲ್ಲ, ಕೊಟ್ಟ ಮಾತು ಉಳಿಸಿಕೊಳ್ಳಿ ಅಂತಷ್ಟೇ. ಬಿಟ್ಟಿ ಅನ್ನೋ ಮಾತಿಗೂ ಉತ್ತರ ಇದೆ. ಚಿಕ್ಕಪ್ಪ ಐಟಿ ರಿಟರ್ನ್ಸ್ ಹಾಕಿಲ್ಲ, ನಿಜ. ಆದರೆ ಸೋಪಿಗೆ, ಬಿಸ್ಕತ್ತಿಗೆ, ಚಪ್ಪಲಿಗೆ, ಬೈಕಿನ ಪೆಟ್ರೋಲಿಗೆ ನಲವತ್ತು ವರ್ಷ ತೆರಿಗೆ ಕಟ್ಟಿದ್ದಾನೆ. ಅವನ ಮಾತ್ರೆ ಬಿಟ್ಟಿ ಅಲ್ಲ, ಮುಂಗಡ ಕೊಟ್ಟಾಗಿದೆ.

ಥಾಯ್ಲೆಂಡ್ ನಮಗಿಂತ ಶ್ರೀಮಂತವಾದ್ದರಿಂದ ಎಲ್ಲರಿಗೂ ಆರೋಗ್ಯ ಕೊಟ್ಟಿತು ಅನ್ನುವವರೂ ಇದ್ದಾರೆ. 2001ರಲ್ಲಿ ಅವರು ಮೂವತ್ತು ಬಾತ್‌ಗೆ ಚಿಕಿತ್ಸೆ ಅಂತ ಶುರು ಮಾಡಿದ್ದು ಏಷ್ಯಾದ ದೊಡ್ಡ ಆರ್ಥಿಕ ಕುಸಿತದಿಂದ ಇನ್ನೂ ಸುಧಾರಿಸಿಕೊಳ್ಳುತ್ತಿದ್ದಾಗ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಹಳ್ಳಿಗಾಡಿನ ಆಸ್ಪತ್ರೆಗಳನ್ನು ಕಟ್ಟಿಕೊಂಡಿದ್ದರು, ಡಾಕ್ಟರುಗಳನ್ನು ಅಲ್ಲಿಗೆ ಕಳಿಸಿದ್ದರು. ಕಾರ್ಡು ಆಮೇಲೆ ಬಂತು. ನಾವು ಕಾರ್ಡು ಮೊದಲು ಹಂಚಿದೆವು. 1946ರಲ್ಲೇ ಭೋರ್ ಸಮಿತಿ, ದುಡ್ಡಿಲ್ಲ ಅನ್ನೋ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಅಂದಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನೋ ಕಲ್ಪನೆ ನಮಗೆ ಬಂದದ್ದೂ ಆ ವರದಿಯಿಂದಲೇ. ದಾರಿ ಗೊತ್ತಿಲ್ಲದೆ ತಪ್ಪಿದವರು ನಾವಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಆರೋಗ್ಯ ಕೇಂದ್ರಕ್ಕೆ ಹೋಗಿ, ಯಾಕೆ ಹತ್ತೇ ದಿನದ ಮಾತ್ರೆ ಅಂತ ವಿಚಾರಿಸಿದೆ. ಫಾರ್ಮಸಿಯಲ್ಲಿದ್ದ ಮೇಡಂ ಜಗಳಕ್ಕೆ ಬಂದವನು ಅಂದುಕೊಂಡು ಮೊದಲು ಮುಖ ಗಂಟು ಹಾಕಿಕೊಂಡರು, ಆಮೇಲೆ ರಿಜಿಸ್ಟರ್ ತೋರಿಸಿದರು. “ಬರೋದೇ ಇಷ್ಟು ಸಾರ್. ಒಬ್ಬರಿಗೆ ತಿಂಗಳದ್ದು ಕೊಟ್ರೆ ಇನ್ನಿಬ್ಬರಿಗೆ ಇರಲ್ಲ. ನಾನೇನು ಮಾಡ್ಲಿ ಹೇಳಿ” ಅಂದರು. ಅವರದೂ ತಪ್ಪಲ್ಲ. ತಾಲ್ಲೂಕು ಆರೋಗ್ಯಾಧಿಕಾರಿಗೆ ಅರ್ಜಿ ಬರೆದು ಕೊಟ್ಟು ಬಂದೆ: ಈ ಕೇಂದ್ರಕ್ಕೆ ಸೇರಿದ ಹಳ್ಳಿಗಳಲ್ಲಿ ಬಿಪಿ ಎಂದು ಗುರುತಿಸಿದವರು ಎಷ್ಟು, ವರ್ಷಕ್ಕೆ ಬಂದ ಮಾತ್ರೆ ಎಷ್ಟು. ಎರಡು ಅಂಕಿ ಅಷ್ಟೇ ಕೇಳಿದ್ದೇನೆ. ಭಾಗಾಕಾರ ನಾನೇ ಮಾಡ್ತೀನಿ.

ನೀವೂ ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಇಷ್ಟು ಮಾಡಿ. ಮನೆಯಲ್ಲಿ, ಪಕ್ಕದ ಮನೆಯಲ್ಲಿ ಬಿಪಿ-ಶುಗರ್ ಇರುವವರ ಹತ್ತಿರ ‘ಮಾತ್ರೆ ತಗೊಳ್ತಿದೀರಾ’ ಅಂತ ಕೇಳಬೇಡಿ. ಎಲ್ಲರೂ ಹೂಂ ಅಂತಾರೆ. ಶೀಟು ತೋರಿಸಿ ಅನ್ನಿ. ಆಮೇಲೆ ಆರೋಗ್ಯ ಕೇಂದ್ರಕ್ಕೆ ಹೋಗಿ, ಎಷ್ಟು ದಿನದ್ದು ಕೊಡ್ತೀರಿ ಅಂತ ವಿಚಾರಿಸಿ.

ಬರುವಾಗ ಚಿಕ್ಕಪ್ಪನಿಗೆ ಮೂರು ತಿಂಗಳ ಮಾತ್ರೆ ಕೊಟ್ಟು ಬಂದೆ. ಎಡಗೈಯಲ್ಲಿ ಕವರ್ ಹಿಡಿದು ತೂಗಿ ನೋಡಿ, ತೊದಲುತ್ತಾ, “ಇಷ್ಟೇ ಏನ್ಲಾ?” ಅಂದ. ಬೆಲೆ ಕೇಳಿದನೋ ತೂಕ ಕೇಳಿದನೋ ಗೊತ್ತಾಗಲಿಲ್ಲ. ಎರಡಕ್ಕೂ ಉತ್ತರ ಒಂದೇ ಆಗಿತ್ತು. ಹೂಂ ಚಿಕ್ಕಪ್ಪ, ಇಷ್ಟೇ.